ಅಕ್ಕನ 28 ಮಾರ್ಕು, ನಮ್ಮ ಹಟ್ಟಿಯ ಇಂಗ್ಲಿಷ್ ಹೋಂವರ್ಕು

ಅವರೆಕಾಯಿ ಕಾಲದಲ್ಲಿ ಅಕ್ಕನ ಹಟ್ಟಿಗೆ ಹೋಗಿದ್ದೆ. ನಿಮಗೆಲ್ಲ ಗೊತ್ತಲ್ಲ, ಮದ್ದೂರಿಂದ ಮಳವಳ್ಳಿ ರಸ್ತೆ ಹಿಡಿದು ಹೋದ್ರೆ ಒಳಗಡೆ ಸಿಗೋ ಊರು. ಅಕ್ಕ ಜಗಲಿ ಮೇಲೆ ಕೂತು ನೆನೆಹಾಕಿದ ಅವರೆಕಾಳು ಹಿತುಕ್ತಾ ಇದ್ಲು, ನಾನೂ ಒಂದು ತಟ್ಟೆ ಎಳ್ಕೊಂಡು ಕೂತೆ. ಪಕ್ಕದಲ್ಲೇ ಅವಳ ಮೊಮ್ಮಗಳು, ಈ ಸಲ ಹತ್ತನೇ ಕ್ಲಾಸು, ಇಂಗ್ಲಿಷ್ ಹೋಂವರ್ಕ್ ಹರಡ್ಕೊಂಡಿದ್ಲು. ಬರೀತಾ ಬರೀತಾ ಇದ್ದಕ್ಕಿದ್ದಂಗೆ ತಲೆ ಎತ್ತಿ, "ಅಜ್ಜಿ, ನೀನು ಎಸ್ಸೆಲ್ಸಿ ಪಾಸಾ?" ಅಂದ್ಲು.

ಅಕ್ಕ ಕಾಳು ಹಿತುಕೋದು ನಿಲ್ಲಿಸದೇ ಹೇಳಿದ್ಲು: "ನಂಗೆ ಆಗ ಮದ್ವೆ ಆಯ್ತು ಕಣವ್ವ. ಅದಕ್ಕೆ ಸ್ಕೂಲು ಬುಟ್ಟೆ."

ನಾನು ಸುಮ್ಮನಿದ್ದೆ. ನಲವತ್ತು ವರ್ಷದಿಂದ ಅಕ್ಕ ಎಲ್ಲರಿಗೂ ಇದನ್ನೇ ಹೇಳ್ತಾ ಬಂದಿರೋದು, ನಿಮ್ಮಲ್ಲೂ ಎಷ್ಟೋ ಜನ ಹಂಗೇ ತಿಳ್ಕೊಂಡಿದ್ದೀರಿ. ಆದ್ರೆ ನಡೆದದ್ದು ತಿರುಗಾಮುರುಗ. ಮದುವೆ ಆಯ್ತು ಅಂತ ಸ್ಕೂಲು ಬಿಡಲಿಲ್ಲ. ಇಂಗ್ಲಿಷ್‌ನಲ್ಲಿ ಡುಮ್ಕಿ ಹೊಡೆದ್ಲು ಅಂತ ಮದುವೆ ಆಯ್ತು. 1984ರ ಎಸ್ಸೆಲ್ಸಿ. ಕನ್ನಡ, ಲೆಕ್ಕ, ವಿಜ್ಞಾನ, ಸಮಾಜ, ಹಿಂದಿ ಎಲ್ಲ ಪಾಸು. ಇಂಗ್ಲಿಷ್ ನೂರಕ್ಕೆ 28. ಇನ್ನು ಏಳು ಮಾರ್ಕು ಬೇಕಿತ್ತು.

ಆವತ್ತು ರಾತ್ರಿ ಊಟ ಆದ್ಮೇಲೆ ಅಕ್ಕ ತಾನೇ ಟ್ರಂಕು ತೆಗೆದು ಆ ಮಾರ್ಕ್ಸ್ ಕಾರ್ಡು ನನ್ನ ಕೈಗಿಟ್ಲು. ಮಡಿಕೆ ಮಡಿಕೆಯಲ್ಲೂ ಹರಿದಿತ್ತು. "ನೀನು ಮೇಡಮ್ಮು, ಮೂವತ್ತು ವರ್ಷ ಐಕ್ಳಿಗೆ ಪಾಠ ಮಾಡ್ದವ್ಳು. ಹೇಳು, ನಾನು ಅಷ್ಟು ದಡ್ಡಿನಾ?" ಅಂತ ಕೇಳಿದ್ಲು. ಆ ಹೊತ್ತಲ್ಲಿ "ಅಯ್ಯೋ ಬುಡಕ್ಕ" ಅಂದೆ. ಅದು ಉತ್ತರ ಅಲ್ಲ ಅಂತ ನನಗೇ ಗೊತ್ತು. ಊರಿಗೆ ಬಂದ ಮೇಲೆ ತಲೇಲಿ ಅದೇ ಕೊರೀತಾ ಇತ್ತು, ಅದಕ್ಕೇ ವಸಿ ಹಿಂದಕ್ಕೆ ಹೋಗಿ ಬರೀತಿದೀನಿ. ಈ ಇಂಗ್ಲಿಷು ನಮ್ಮ ಮಂಡ್ಯ, ಮದ್ದೂರು, ಮಳವಳ್ಳಿ ಸೀಮೆಗೆ ಹೆಂಗೆ ಬಂತು, ಅದರ ಹೋಂವರ್ಕು ನಮ್ಮ ಹಟ್ಟಿಯೊಳಕ್ಕೆ ಹೆಂಗೆ ಹೊಕ್ಕಿತು ಅಂತ.

ಇಂಗ್ಲಿಷ್ ಬರೋಕೆ ಮುಂಚೆ ಹೋಂವರ್ಕು ಇರಲಿಲ್ವಾ ಅಂದ್ರೆ, ಇತ್ತು. ಕೂಲಿಮಠದ ಕಾಲ. ಐಗಳು ಮರಳಿನ ಮೇಲೆ ಬೆರಳಲ್ಲಿ ಅಕ್ಷರ ತಿದ್ದಿಸೋರು. ಆಮೇಲೆ ಕಡತ. ಬಟ್ಟೆಗೆ ಹುಣಸೆಬೀಜದ ಅಂಟು, ಇದ್ದಿಲ ಪುಡಿ ಬಳಿದು ಒಣಗಿಸಿ, ಮಡಿಚಿ ಮಾಡಿದ ಕರೀ ಪುಸ್ತಕ ಅದು, ಬಳಪದಲ್ಲಿ ಬರೆಯೋದು, ಒರೆಸೋದು. ಮನೇಲಿ ಮಾಡಬೇಕಾದ್ದು ಅಂದ್ರೆ ಬಾಯಿಪಾಠ: ಮಗ್ಗಿ, ಅಮರ, ಕಂದಪದ್ಯ. ಮಾನೌಮಿ ಬಂದ್ರೆ ಹುಡುಗರು ಮನೆಮನೆಗೂ ಹೋಗಿ ಚೌಪದ ಹೇಳಿ ಐಗಳಿಗೆ ದುಡ್ಡು ಎತ್ತಿಕೊಡೋರು. ಅಂದ್ರೆ ಓದಿದ್ದು ಊರಿಗೇ ಕೇಳಿಸ್ತಿತ್ತು. ಹಟ್ಟಿಯ ಹೆಂಗಸರು ಅಕ್ಷರ ಬಾರದಿದ್ರೂ ಮಗ್ಗಿ ತಪ್ಪಿದ್ರೆ ಗದರಿಸೋರು, ಯಾಕಂದ್ರೆ ಕೇಳಿ ಕೇಳಿ ಅವರಿಗೂ ಬಂದಿರೋದು. ಈ ಒಂದು ವಿಷಯ ನೆನಪಿಟ್ಕಳಿ, ಮುಂದೆ ಬೇಕಾಗುತ್ತೆ.

1831ರಲ್ಲಿ ಇಂಗ್ಲಿಷರು ಮೈಸೂರು ಸೀಮೆಯ ಆಡಳಿತ ಅರಸರ ಕೈಯಿಂದ ತಗೊಂಡ್ರು, 1881ರವರೆಗೂ ಕಮಿಷನರ್‌ಗಳದ್ದೇ ದರ್ಬಾರು. ಹಂಗಿದ್ರೂ 1833ರಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರು ಮೈಸೂರಲ್ಲಿ ಇಂಗ್ಲಿಷ್ ಕಲಿಸೋ ಶಾಲೆ ತೆರೆಸಿದ್ರು, ಫೀಸಿಲ್ಲದೆ. ಅದೇ ಮುಂದೆ ಬೆಳೆದು ಮಹಾರಾಜಾ ಕಾಲೇಜಾಗಿದ್ದು. ಕಲ್ಕತ್ತಾದಲ್ಲಿ ಮೆಕಾಲೆ ಸಾಹೇಬ ಇಂಗ್ಲಿಷೇ ಕಲಿಸಿ ಅಂತ ಟಿಪ್ಪಣಿ ಬರೆದದ್ದು 1835ರಲ್ಲಿ. ನಮ್ಮ ಅರಸರು ಅವನಿಗಿಂತ ಎರಡು ವರ್ಷ ಮುಂದಿದ್ರು ಅನ್ನೋದು ನನಗೆ ಯಾವಾಗ್ಲೂ ಒಂದು ಖುಷಿ. 1857ರಲ್ಲಿ ಮೈಸೂರು ಸಂಸ್ಥಾನಕ್ಕೆ ವಿದ್ಯಾ ಇಲಾಖೆ ಅಂತ ಆಯ್ತು, 1868ರಲ್ಲಿ ಹೋಬಳಿಗೊಂದು ಶಾಲೆ ಅನ್ನೋ ಯೋಜನೆ ಬಂತು. ಹೋಬಳಿ ಶಾಲೇಲಿ ಕನ್ನಡ, ಲೆಕ್ಕ. ಇಂಗ್ಲಿಷ್ ಬೇಕಾದೋರು ಎ.ವಿ. ಸ್ಕೂಲಿಗೆ ಹೋಗಬೇಕಿತ್ತು. ಎ.ವಿ. ಅಂದ್ರೆ ಆಂಗ್ಲೋ ವರ್ನಾಕ್ಯುಲರ್. ನಮ್ಮ ಹಿರೀಕರ ಬಾಯಲ್ಲಿ ಅದು "ಏವಿ ಇಸ್ಕೂಲು". ಪೇಟೆ ಬಿಟ್ಟು ದೂರದ ಹಳ್ಳಿಯೋರಿಗೆ ಅದು ಕನಸು.

ಇಂಗ್ಲಿಷ್ ಯಾಕೆ ಬೇಕಾಯ್ತು ಅಂದ್ರೆ ಕಛೇರಿ ಕೆಲಸಕ್ಕೆ, ಇನ್ನೇನಿಲ್ಲ. 1881–82ರಲ್ಲಿ ಬೆಂಗಳೂರು ಮೈಸೂರು ರೈಲು ಮದ್ದೂರು, ಮಂಡ್ಯ ಮೇಲೆ ಹಾದುಹೋಯ್ತು. ಟಿಕೇಟು ಇಂಗ್ಲಿಷು, ತಂತಿ ಇಂಗ್ಲಿಷು. ಮೊದಲು ಕಲಿತೋರು ಬ್ರಾಹ್ಮಣರ ಮನೆ ಹುಡುಗರು, ಕೆಲಸಗಳೂ ಅವರಿಗೇ ಹೋದವು. ಬೇಸಾಯದೋರು ಎಚ್ಚೆತ್ತುಕೊಂಡದ್ದು ತಡ. 1906ರಲ್ಲಿ ಬೆಂಗಳೂರಲ್ಲಿ ಒಕ್ಕಲಿಗರ ಸಂಘ ಹುಟ್ಟಿತು, ಹಾಸ್ಟೆಲ್ಲುಗಳು ಬಂದವು. 1918ರಲ್ಲಿ ಸರ್ಕಾರ ಮಿಲ್ಲರ್ ಸಾಹೇಬರ ಸಮಿತಿ ಮಾಡಿ, ಸರ್ಕಾರಿ ಕೆಲಸದಲ್ಲಿ ಬೇರೆ ಜಾತಿಯೋರಿಗೂ ಪಾಲು ಸಿಗೋದು ಹೆಂಗೆ ಅಂತ ವಿಚಾರಿಸಿತು. ಆಮೇಲೆ ನಮ್ಮ ಕಡೆ ಗೌಡರ ಹಟ್ಟಿಗಳಲ್ಲಿ ಒಬ್ಬ ಮಗನ್ನ ಹೊಲಕ್ಕೆ, ಒಬ್ಬನ್ನ ಹಾಸ್ಟೆಲ್ಲಿಗೆ ಅಂತ ಇಡೋದು ಶುರುವಾಯ್ತು. ಮಗಳ ಲೆಕ್ಕ ಅದರಲ್ಲಿ ಇಲ್ಲ. ಮೈಸೂರಲ್ಲಿ 1881ರಲ್ಲೇ ಮಹಾರಾಣಿ ಶಾಲೆ ಹೆಣ್ಣುಮಕ್ಕಳಿಗೆ ಅಂತ ತೆರೆದಿತ್ತು ನಿಜ, ಆದ್ರೆ ಮಳವಳ್ಳಿ ಕಡೆಯ ರಾಗಿ ಹೊಲದಿಂದ ಮೈಸೂರಿನ ಮಹಾರಾಣಿ ಶಾಲೆ ಎಷ್ಟು ದೂರ ಅಂತ ಯಾವ ಮೈಲಿಕಲ್ಲೂ ಹೇಳಲ್ಲ.

ನಮ್ಮಜ್ಜಿಗೆ ಇಂಗ್ಲಿಷ್ ಅಕ್ಷರ ಎರಡೇ ಬರ್ತಿದ್ದು: ವಿ ಮತ್ತು ಸಿ. ವಿ.ಸಿ. ನಾಲೆಯ ವಿ.ಸಿ.! ಕನ್ನಂಬಾಡಿ ಕಟ್ಟೆಯಿಂದ ಹೊರಟ ಆ ನಾಲೆಗೆ ಮೊದಲು ಇರ್ವಿನ್ ನಾಲೆ ಅಂತ ವೈಸರಾಯ್ ಹೆಸರಿಟ್ಟಿದ್ರು, ಆಮೇಲೆ ವಿಶ್ವೇಶ್ವರಯ್ಯ ನಾಲೆ ಆಯ್ತು. ನಮ್ಮಜ್ಜಿ ಬಾಯಲ್ಲಿ "ಈಸೀ ನಾಲೆ". ನೀರು ಬಂತು, ಕಬ್ಬು ಬಂತು, 1933ರಲ್ಲಿ ಮಂಡ್ಯದಲ್ಲಿ ಸಕ್ಕರೆ ಕಾರ್ಖಾನೆ ಬಂತು, 1939ರಲ್ಲಿ ಮಂಡ್ಯ ಮೈಸೂರಿಂದ ಬೇರೆಯಾಗಿ ಜಿಲ್ಲೆಯಾಯ್ತು. ಕಬ್ಬಿನ ದುಡ್ಡಲ್ಲಿ ಹೈಸ್ಕೂಲು, ಹಾಸ್ಟೆಲು ಬೆಳೆದವು. ಕೆ.ವಿ. ಶಂಕರಗೌಡರು ಮಂಡ್ಯದಲ್ಲಿ ಕಟ್ಟಿದ ವಿದ್ಯಾಸಂಸ್ಥೆ 1962ರಲ್ಲಿ ಇಂಜಿನಿಯರಿಂಗ್ ಕಾಲೇಜನ್ನೇ ತೆರೆಯಿತು. ಜಿ. ಮಾದೇಗೌಡರು ಕೆ.ಎಂ. ದೊಡ್ಡಿಯಲ್ಲಿ ಭಾರತೀ ವಿದ್ಯಾಸಂಸ್ಥೆ ಕಟ್ಟಿದ್ರು. ಹಳ್ಳಿಯಿಂದ ನಡೆದು ಹೋಗೋ ದೂರದಲ್ಲಿ ಹೈಸ್ಕೂಲು ಅನ್ನೋದು ನಮ್ಮ ತಲೆಮಾರಿಗೆ ಸಿಕ್ಕಿದ್ದು ಇಂಥವರಿಂದ, ಜೊತೆಗೆ ಸರ್ಕಾರದಿಂದ.

ಇಲ್ಲಿ ಕರೆಂಟಿನ ವಿಚಾರ ಒಂದು ಹೇಳಲೇಬೇಕು. ಹೋಂವರ್ಕಿಗೂ ಅದಕ್ಕೂ ನೆಂಟಸ್ತಿಕೆ ಐತೆ. ನಮ್ಮ ಮಳವಳ್ಳಿ ತಾಲ್ಲೂಕಿನ ಶಿವನಸಮುದ್ರದಲ್ಲಿ 1902ರಲ್ಲೇ ವಿದ್ಯುತ್ ತಯಾರಾಯ್ತು. ಅದು ಹೋದದ್ದೆಲ್ಲಿಗೆ? ಕೋಲಾರದ ಚಿನ್ನದ ಗಣಿಗೆ, ನೂರಾ ನಲವತ್ತು ಕಿಲೋಮೀಟರಿಗೂ ಹೆಚ್ಚು ದೂರ ತಂತಿ ಎಳೆದು. 1905ರಲ್ಲಿ ಬೆಂಗಳೂರಿನ ಬೀದಿಗೆ ದೀಪ ಬಂತು. ನಮ್ಮ ಹಳ್ಳಿಗಳ ತಲೆ ಮೇಲೆ ತಂತಿ ಹಾದುಹೋಗ್ತಿತ್ತು, ಕೆಳಗೆ ನಾವು ಸೀಮೆಎಣ್ಣೆ ಬುಡ್ಡೀಲಿ ಎ ಬಿ ಸಿ ಡಿ ತಿದ್ತಾ ಇದ್ವಿ. ನಮ್ಮ ಹಟ್ಟಿಗೆ ಬಲ್ಬು ಬಂದದ್ದು ನಾನು ಮೂರನೇ ಕ್ಲಾಸಲ್ಲಿದ್ದಾಗ, ಅದೂ ನಡುಮನೆಗೆ ಒಂದೇ ಒಂದು. ಬೈಗಾದ್ರೆ ಆ ಬಲ್ಬಿನ ಕೆಳಗೆ ಅಪ್ಪನಿಗೆ ಊಟ, ಬಂದೋರಿಗೆ ಮಾತು. ಪುಸ್ತಕಕ್ಕೆ ಮತ್ತೆ ಬುಡ್ಡಿ ದೀಪವೇ.

ಇನ್ನು ನಮ್ಮ ಕಾಲದ ಹೋಂವರ್ಕು. ಆವಾಗ ಕನ್ನಡ ಮೀಡಿಯಮ್ಮಿನೋರಿಗೆ ಇಂಗ್ಲಿಷ್ ಶುರುವಾಗ್ತಿದ್ದದ್ದು ಐದನೇ ಕ್ಲಾಸಿಗೆ. ಅಲ್ಲಿಂದ ಹತ್ತಕ್ಕೆ ಆರು ವರ್ಷ. ಅಷ್ಟರಲ್ಲಿ ಎ ಬಿ ಸಿ ಡಿಯಿಂದ ಶುರುಮಾಡಿ ಶೇಕ್ಸ್‌ಪಿಯರ್ ಕಥೆವರೆಗೂ ಓಡಬೇಕು! ಮೊದಲು ನಾಲ್ಕುಗೆರೆ ಕಾಪಿ. ದಿನಾ ಒಂದು ಪುಟ. ನಮ್ಮವ್ವನಿಗೆ ಯಾವ ಅಕ್ಷರವೂ ಬಾರದು, ಆದ್ರೆ ಕಾಪಿ ನೋಡದೆ ಮಲಗೋಕೆ ಬಿಡ್ತಿರಲಿಲ್ಲ. "ಗೆರೆ ಮೇಲೆ ಕೂತದಾ?" ಅಂತ ನೋಡೋಳು, ರಂಗೋಲಿ ಚುಕ್ಕಿ ನೋಡ್ದಂಗೆ. ಒಂದ್ಸಲ ನಾನು ನಿನ್ನೆ ಬರೆದ ಪುಟವನ್ನೇ ತಿರುಗಿಸಿ ತೋರಿಸಿದೆ. "ಇದರ ಮೂಲೇಲಿ ಎಣ್ಣೆ ಕಲೆ ನಿನ್ನೇನೂ ಇತ್ತಲ್ಲವ್ವ" ಅಂದ್ಲು. ಅಷ್ಟೇ, ಇನ್ನೊಂದ್ಸಲ ಆ ಆಟ ಆಡಲಿಲ್ಲ.

ಆರು ಏಳನೇ ಕ್ಲಾಸಲ್ಲಿ "ದಿಸ್ ಈಸ್ ಎ ಪೆನ್, ದಟ್ ಈಸ್ ಎ ಟ್ರೀ". ಇದಕ್ಕೂ ಒಂದು ಚರಿತ್ರೆ ಐತೆ, ನಾನು ಟಿ.ಸಿ.ಎಚ್. ಓದುವಾಗ ತಿಳಿದದ್ದು. ಹಿಂದೆ ಏವಿ ಇಸ್ಕೂಲಿನ ಕಾಲದಲ್ಲಿ ವ್ಯಾಕರಣ ಉರುಹೊಡೆಸಿ, ಇಂಗ್ಲಿಷಿಂದ ಕನ್ನಡಕ್ಕೆ, ಕನ್ನಡದಿಂದ ಇಂಗ್ಲಿಷಿಗೆ ಭಾಷಾಂತರ ಮಾಡಿಸೋರು. ರೆನ್ ಮತ್ತು ಮಾರ್ಟಿನ್ ವ್ಯಾಕರಣದ ಪುಸ್ತಕ ಇಟ್ಟುಕೊಂಡೋರು ದೊಡ್ಡ ಮೇಷ್ಟ್ರು. ಸ್ವಾತಂತ್ರ್ಯ ಬಂದ ಮೇಲೆ ಇದು ಹಳ್ಳಿ ಐಕ್ಳಿಗೆ ಆಗಲ್ಲ ಅಂತ, ಒಂದೊಂದು ವಾಕ್ಯದ ಅಚ್ಚು ಕೊಟ್ಟು ಅದರೊಳಗೆ ಪದ ಬದಲಾಯಿಸಿ ಹೇಳಿಸೋ ವಿಧಾನ ತಂದ್ರು. ಬೆಂಗಳೂರಲ್ಲಿ 1963ರಲ್ಲಿ ದಕ್ಷಿಣದ ರಾಜ್ಯಗಳ ಮೇಷ್ಟ್ರುಗಳಿಗೆ ಇಂಗ್ಲಿಷ್ ಕಲಿಸೋದನ್ನ ಕಲಿಸೋಕೆ ಅಂತಲೇ ಒಂದು ಸಂಸ್ಥೆ ಆಯ್ತು. ಆ ವಿಧಾನದಲ್ಲಿ ಬಾಯಲ್ಲಿ ಹೇಳಿಸೋದೇ ಜೀವಾಳ. ಆದ್ರೆ ಅರವತ್ತು ಐಕ್ಳ ಕ್ಲಾಸಲ್ಲಿ ಬಾಯಲ್ಲಿ ಹೇಳಿಸೋಕೆ ಯಾರಿಗೆ ಪುರುಸೊತ್ತು? ಬೋರ್ಡ್ ಮೇಲೆ ಬರೆದು "ಮನೇಲಿ ಹತ್ತು ಸಲ ಬರ್ಕೊಂಡ್ ಬನ್ನಿ" ಅಂದ್ರೆ ಆಯ್ತು. ಬಾಯಿಪಾಠ ಹೋಗಿ ಕೈಪಾಠ ಬಂತು.

ಹೈಸ್ಕೂಲಿಗೆ ಬಂದ್ರೆ ಇನ್ನೂ ಭಾರ. ನಮ್ಮ ಇಂಗ್ಲಿಷ್ ಮೇಷ್ಟ್ರು ಕೆಟ್ಟೋರಲ್ಲ. ಮಡಿ ಪಂಚೆ ಅಲ್ಲ, ಇಸ್ತ್ರಿ ಪ್ಯಾಂಟು, ಜೇಬಲ್ಲಿ ಕೆಂಪು ಪೆನ್ನು. ಪಾಠಕ್ಕೆ ಇಪ್ಪತ್ತು ಕಠಿಣ ಪದ, ಅರ್ಥ ಸಮೇತ. ಪ್ರಶ್ನೋತ್ತರ ಮೂರು ಸಲ. ಪದ್ಯದ ಸಾರಾಂಶ. ವಾರಕ್ಕೊಂದು ಪ್ರಬಂಧ ಇಲ್ಲವೇ ಲೀವ್ ಲೆಟರ್. ತಪ್ಪಿದ್ರೆ ಇಂಪೊಸಿಷನ್, ಐವತ್ತು ಸಲ. ಬರದೇ ಇದ್ರೆ ಬೆತ್ತ. ಅವರ ಲೆಕ್ಕದಲ್ಲಿ ಐಕ್ಳು ಸಾಯಂಕಾಲ ಆರಕ್ಕೆ ಕೈಕಾಲು ತೊಳೆದು, ದೀಪ ಹಚ್ಚಿ, ಎರಡು ಗಂಟೆ ಕೂತು ಓದ್ತಾರೆ. ಯಾರ ಹಟ್ಟಿಯ ಲೆಕ್ಕವೋ ಅದು! ನಮ್ಮ ಹಟ್ಟೀಲಿ ಸಾಯಂಕಾಲ ಆರಕ್ಕೆ ಎಮ್ಮೆ ಹಾಲು ಕರೆಯೋ ಹೊತ್ತು. ಅಕ್ಕ ಸ್ಕೂಲಿಂದ ನಾಕು ಮೈಲಿ ನಡೆದು ಬಂದು, ಚೀಲ ಗೂಟಕ್ಕೆ ನೇತುಹಾಕಿ, ಕಬ್ಬಿನ ಸೋಗೆ ತಂದು ಎಮ್ಮೆಗೆ ಹಾಕಿ, ಕೊಟ್ಟಿಗೆ ಬಳಿದು, ನೀರು ಸೇದಿ, ಮುದ್ದೆಗೆ ಎಸರಿಡೋ ಹೊತ್ತಿಗೆ ಏಳೂವರೆ. ಉಂಡು ಪಾತ್ರೆ ತೊಳೆದು ಕೂತ್ರೆ ಒಂಬತ್ತು. ಒಂಬತ್ತೂಕಾಲಕ್ಕೆ ಪುಸ್ತಕದ ಮೇಲೇ ನಿದ್ದೆ.

ಮತ್ತೆ ನಾನು? ನಾನು ಅವಳಿಗಿಂತ ಮೂರು ವರ್ಷ ಚಿಕ್ಕೋಳು. ಅಕ್ಕ ಕೊಟ್ಟಿಗೇಲಿ ಇದ್ದಾಗ ಬುಡ್ಡಿ ದೀಪದ ಮುಂದೆ ನಾನು ಕೂತಿರ್ತಿದ್ದೆ. "ಚಿಕ್ಕದು ಓದ್ಕಳ್ಲಿ ಬುಡು" ಅಂತ ಅಕ್ಕನೇ ಅನ್ನೋಳು. ನಾನು ಎಸ್ಸೆಲ್ಸಿ ಬರೆದಾಗ ಇಂಗ್ಲಿಷಲ್ಲಿ 41 ಬಂತು. ಪಿಯುಸಿ ಆಯ್ತು, ಟಿ.ಸಿ.ಎಚ್. ಆಯ್ತು, ಕೆಲಸ ಆಯ್ತು. 28ಕ್ಕೂ 41ಕ್ಕೂ ಮಧ್ಯೆ ಇರೋ 13 ಮಾರ್ಕು ಯಾವುದು ಅಂತ ನನಗೆ ಗೊತ್ತು. ದಿನಕ್ಕೆ ಒಂದೂವರೆ ಗಂಟೆ ಕೊಟ್ಟಿಗೆ ಕೆಲಸ.

ಇನ್ನೊಂದು ವಿಷಯ. ಲೆಕ್ಕ ಬರದಿದ್ರೆ ಅಪ್ಪ ಬಾಯಲ್ಲೇ ಲೆಕ್ಕ ಮಾಡಿ ಹೇಳೋನು, ಸೇರು ಪಾವು ಪಲ್ಲದ ಲೆಕ್ಕದಲ್ಲಿ ಅವನಿಗೆ ಸರಿಸಾಟಿ ಇರಲಿಲ್ಲ. ಕನ್ನಡ ಪಾಠದ ರಾಮಾಯಣ ಭಾರತದ ಕಥೆ ಅಜ್ಜಿಗೆ ಮೇಷ್ಟ್ರಿಗಿಂತ ಚೆನ್ನಾಗಿ ಗೊತ್ತು. ವಿಜ್ಞಾನದ ಬೀಜ ಮೊಳಕೆ ಹೊಲದಲ್ಲೇ ಇತ್ತು. ಇಂಗ್ಲಿಷ್ ಒಂದೇ, ಹಟ್ಟೀಲಿ ಕೇಳೋಕೆ ಒಬ್ಬರೂ ಇಲ್ಲದ ವಿದ್ಯೆ. ಆಗಲೇ ಮಗ್ಗಿ ಮಾತು ನೆನಪಿಟ್ಕಳಿ ಅಂದ್ನಲ್ಲ, ಇದಕ್ಕೇ. ಕೂಲಿಮಠದ ಮನೆಪಾಠ ತಪ್ಪಿದ್ರೆ ತಿದ್ದೋಕೆ ಮನೇಲಿ ಜನ ಇದ್ರು. ಇಂಗ್ಲಿಷ್ ಹೋಂವರ್ಕ್ ತಪ್ಪಿದ್ರೆ ತಿದ್ದೋಕೆ ಯಾರೂ ಇಲ್ಲ, ತಪ್ಪನ್ನೇ ಮೂರು ಸಲ ಬರ್ಕೊಂಡು ಹೋಗಿ, ಅದನ್ನೇ ಗಟ್ಟಿ ಮಾಡ್ಕೊಂಡು ಬರೋದು. ಅಕ್ಕ "ಬಿಕಾಸ್" ಅನ್ನೋ ಪದವನ್ನ ಎರಡು ವರ್ಷ ತಪ್ಪಾಗಿ ಬರೆದಳಂತೆ. ಕೆಂಪು ಪೆನ್ನಿನ ಟಿಕ್ ಬಿದ್ದಿತ್ತು ಅಂತ ಅದೇ ಸರಿ ಅಂದ್ಕೊಂಡಿದ್ಲು. ಅರವತ್ತು ಪುಸ್ತಕ ತಿದ್ದೋ ಮೇಷ್ಟ್ರು ಪುಟ ತುಂಬೈತಾ ಅಂತ ನೋಡ್ತಾರೆ, ಪದ ನೋಡಲ್ಲ. ಇದನ್ನ ನಾನು ದೂರೋಕೆ ಹೇಳ್ತಿಲ್ಲ, ನಾನೂ ಹಂಗೇ ಟಿಕ್ ಹಾಕಿದ್ದೀನಿ, ಏಸೋ ಸಲ.

ಅದಕ್ಕೇ ಗೈಡು ಬಂತು. ಮದ್ದೂರು ಪೇಟೇಲಿ ಹೊಸದು ಕೊಂಡ್ರೆ ದುಬಾರಿ, ಪಾಸಾಗಿ ಹೋದೋರ ಹತ್ರ ಅರ್ಧ ದುಡ್ಡಿಗೆ ಕೊಳ್ಳೋದು. ಅದರಲ್ಲಿ ಸಾರಾಂಶ, ಪ್ರಶ್ನೆ, ಉತ್ತರ, ಪ್ರಬಂಧ, ಎಲ್ಲ ಸಿದ್ಧ. ನೋಡಿ ನಕಲು ಮಾಡಿದ್ರೆ ಹೋಂವರ್ಕ್ ಮುಗೀತು. ಅಕ್ಕ ಪರೀಕ್ಷೆಗೆ ಅಂತ ಗಾಂಧೀಜಿ ಮೇಲೆ ಒಂದು ಪ್ರಬಂಧ ಗೈಡಿಂದ ಉರುಹೊಡೆದಿದ್ಲು, ಅಲ್ಪವಿರಾಮ ಸಮೇತ. ಎಮ್ಮೆ ಹಾಲು ಕರೆಯುವಾಗ್ಲೂ ಅದನ್ನೇ ಹೇಳ್ಕೊಳ್ಳೋಳು, ನನಗೂ ಅರ್ಧ ಬಂದುಬಿಟ್ಟಿತ್ತು. ಪರೀಕ್ಷೇಲಿ ಗಾಂಧೀಜಿ ಬರಲಿಲ್ಲ. ಬಂದದ್ದು ಬೇರೆ ಏನೋ. ಅಕ್ಕ ಗಾಂಧೀಜಿಯನ್ನೇ ಪೂರ್ತಿ ಬರೆದು ಬಂದ್ಲು. "ಇನ್ನೇನ್ ಮಾಡ್ಲಿ, ನಂಗೆ ಬತ್ತಿದ್ದುದೇ ಅದು" ಅಂದ್ಲು ಮೊನ್ನೆ.

ಆ ಕಾಲದಲ್ಲೇ ಗೋಕಾಕ್ ಚಳವಳಿ. ವಿ.ಕೃ. ಗೋಕಾಕರ ಸಮಿತಿ ಹೈಸ್ಕೂಲಲ್ಲಿ ಕನ್ನಡವೇ ಪ್ರಥಮ ಭಾಷೆ ಆಗಬೇಕು ಅಂತ 1981ರಲ್ಲಿ ವರದಿ ಕೊಟ್ಟಿತ್ತು. 1982ರಲ್ಲಿ ರಾಜಣ್ಣ, ಡಾಕ್ಟರ್ ರಾಜ್‌ಕುಮಾರ್, ಚಳವಳಿಗೆ ಇಳಿದ್ರು. ಆವಾಗ ಕನ್ನಡ ಬಿಟ್ಟು ಸಂಸ್ಕೃತ ತಗೊಂಡು ಮಾರ್ಕು ತೆಗೆಯೋ ದಾರಿ ಪಟ್ಟಣದ ಮಕ್ಕಳಿಗಿತ್ತು. ನಮ್ಮೂರ ಗಂಡಸರೂ ರಾಜಣ್ಣನ್ನ ನೋಡೋಕೆ ಲಾರಿ ಹತ್ತಿ ಹೋದ್ರು, ಅಪ್ಪನೂ ಹೋಗಿದ್ದ. ಎಂಟನೇ ಕ್ಲಾಸಿನ ಅಕ್ಕ ಅಪ್ಪನ್ನ ಕೇಳಿದ್ಲಂತೆ, "ಅಂಗಾದ್ರೆ ಇಂಗ್ಲಿಷ್ ಇರಲ್ವಾಪ್ಪೋ?" ಅಂತ. ಇಂಗ್ಲಿಷ್ ಇದ್ದೇ ಇತ್ತು, ಎರಡನೇ ಭಾಷೆಯಾಗಿ, ನೂರಕ್ಕೆ 35 ಬೇಕು ಅನ್ನೋ ಕಟ್ಟಿನ ಜೊತೆಗೆ. ಕನ್ನಡ ಮೊದಲು ಅನ್ನೋದರಲ್ಲಿ ನನಗೆ ಎರಡು ಮಾತಿಲ್ಲ. ನಮ್ಮ ನಾಗಮಂಗಲ ಸೀಮೆಯ ಬೆಳ್ಳೂರಿನ ಬಿ.ಎಂ.ಶ್ರೀಯವರು ಇಂಗ್ಲಿಷ್ ಪ್ರೊಫೆಸರ್ ಆಗಿದ್ದುಕೊಂಡೇ ಕನ್ನಡ ಎತ್ತಿ ಹಿಡಿದೋರು, 1926ರ ಅವರ 'ಇಂಗ್ಲಿಷ್ ಗೀತಗಳು' ಹೆಸರು ಕೇಳದ ಮೇಷ್ಟ್ರಿಲ್ಲ. ಆದ್ರೆ ಒಂದೇ ಒಂದು ವಿಷಯದ ಏಳು ಮಾರ್ಕಿಗೆ ಒಂದು ಹುಡುಗಿಯ ಓದೇ ನಿಂತುಹೋಗೋದು ಯಾವ ಭಾಷಾನೀತಿ ಅಂತ ಆವಾಗ ಯಾರೂ ಚಳವಳಿ ಮಾಡಲಿಲ್ಲ.

ಫೇಲಾದ ಮೇಲೆ ಮತ್ತೆ ಕಟ್ಟಬಹುದಿತ್ತು. ಒಂದೇ ವಿಷಯ. ಮೇಷ್ಟ್ರೇ ಹಟ್ಟಿಗೆ ಬಂದು ಅಪ್ಪನಿಗೆ ಹೇಳಿದ್ರು, "ಗೌಡ್ರೇ, ಕಟ್ಟಿಸಿ, ಪಾಸಾಯ್ತಾಳೆ." ಅಪ್ಪ ಹೂಂ ಅಂದ. ಅಷ್ಟರಲ್ಲಿ ಸೋದರತ್ತೆ ಕಡೆಯಿಂದ ಗಂಡು ಬಂತು. ಪಾಸಾಗಿದ್ರೆ "ಇನ್ನೂ ಓದ್ತಾ ಅವ್ಳೆ" ಅನ್ನೋ ಮಾತಿತ್ತು. ಫೇಲಾದ ಹುಡುಗಿ ಹಟ್ಟೀಲಿ ಕೂತವ್ಳೆ ಅಂದ್ರೆ ಆಡ್ಕೊಳ್ತಾರೆ ಅಂತ ಅವ್ವನಿಗೂ ಭಯ. ಹದಿನೇಳು ತುಂಬಿರಲಿಲ್ಲ. ಕಬ್ಬಿನ ಬಟವಾಡೆ ಬಂದ ತಿಂಗಳಲ್ಲೇ ಲಗ್ನ. ಪರೀಕ್ಷೆಗೆ ಕಟ್ಟೋ ದುಡ್ಡು ಎಷ್ಟಿತ್ತೋ, ಅದಕ್ಕಿಂತ ಜಾಸ್ತಿ ವಾಲಗದೋರಿಗೆ ಕೊಟ್ರು.

ಆದ್ರೂ ಕೇಳಿ. ಅಕ್ಕ ಹೋದ ಹಟ್ಟೀಲಿ ಕಾರ್ಖಾನೆಯ ಚೀಟಿ ಓದೋಳು ಅವಳೊಬ್ಳೇ. ಗಾಡಿ ತೂಕ, ಖಾಲಿ ತೂಕ, ಉಳಿದ ತೂಕ ಎಲ್ಲ ಇಂಗ್ಲಿಷಲ್ಲಿ. ಭಾವ ಚೀಟಿ ತಂದು ಅವಳ ಮುಂದೆ ಹಿಡಿಯೋರು. ಬ್ಯಾಂಕಿನ ಪಾಸ್‌ಬುಕ್ಕು, ಔಷಧಿ ಬಾಟ್ಲಿ ಮೇಲಿನ ಬರಹ, ಬೀದಿಯೋರ ಆಸ್ಪತ್ರೆ ಚೀಟಿ, ಎಲ್ಲ ಅವಳ ಹತ್ರಾನೇ. 28 ಮಾರ್ಕಿನ ಇಂಗ್ಲಿಷು ನಲವತ್ತು ವರ್ಷ ಒಂದು ಬೀದಿಯನ್ನೇ ಸಾಕೈತೆ.

ಆಮೇಲಿನ ಚರಿತ್ರೆ ನಿಮಗೆ ಗೊತ್ತಿರೋದೇ, ಬೇಗ ಹೇಳ್ತೀನಿ. 2006–07ರಿಂದ ಎಂಟನೇ ಕ್ಲಾಸಿನೋರಿಗೆ ಸರ್ಕಾರ ಸೈಕಲ್ ಕೊಡ್ತು, ಹೆಣ್ಣುಮಕ್ಕಳ ನಡಿಗೆಯ ಹೊತ್ತು ಉಳೀತು. 2007–08ರಿಂದ ಸರ್ಕಾರಿ ಶಾಲೇಲಿ ಇಂಗ್ಲಿಷ್ ಒಂದನೇ ಕ್ಲಾಸಿಗೇ ಬಂತು. ನಮಗೆ ಕೆಲವೇ ದಿನ ತರಬೇತಿ ಕೊಟ್ಟು "ಮಾಡಿ" ಅಂದ್ರು. 41 ಮಾರ್ಕಿನ ನಾನು ಎ ಫಾರ್ ಆ್ಯಪಲ್ ಹೇಳಿಕೊಡೋಕೆ ನಿಂತೆ, ಕೈ ನಡುಗ್ತಿತ್ತು. ಶಿಕ್ಷಣ ಹಕ್ಕಿನ ಕಾಯ್ದೆ 2010ರಿಂದ ಜಾರಿಗೆ ಬಂದು ಬೆತ್ತ ಹೋಯ್ತು, ಒಳ್ಳೇದಾಯ್ತು. ಕರೋನಾ ಬಂದಾಗ ಹೋಂವರ್ಕು ವಾಟ್ಸಪ್ಪಿಗೆ ಹೋಯ್ತು, ಫೋನಿಲ್ಲದೋರಿಗೆ ಅಂತ ನಾವು ವಿದ್ಯಾಗಮದಲ್ಲಿ ಮರದ ಕೆಳಗೆ, ದೇವಸ್ಥಾನದ ಜಗಲಿ ಮೇಲೆ ಪಾಠ ಮಾಡಿದ್ವಿ. ಹಳೇ ಐಗಳ ಮಠ ನೆನಪಾಗಿತ್ತು ನನಗೆ. ಈಗ ಎಸ್ಸೆಲ್ಸಿ ಇಂಗ್ಲಿಷ್‌ನಲ್ಲಿ 80 ಬರವಣಿಗೆಗೆ, 20 ಒಳಗಿನ ಮಾರ್ಕು. ಅಂದ್ರೆ ವರ್ಷವಿಡೀ ಮಾಡೋ ಕೆಲಸಕ್ಕೂ ಬೆಲೆ ಬಂತು. ಅಕ್ಕನ ಕಾಲದಲ್ಲಿ ಹೋಂವರ್ಕಿಗೆ ಶಿಕ್ಷೆ ಇತ್ತು, ಮಾರ್ಕು ಇರಲಿಲ್ಲ. ಆ ಇಪ್ಪತ್ತರಲ್ಲಿ ಹತ್ತು ಸಿಕ್ಕಿದ್ರೂ ಸಾಕಿತ್ತಲ್ಲ ಅಂತ ಲೆಕ್ಕ ಹಾಕ್ತೀನಿ, ಹಾಕಬಾರದು ಅಂದ್ರೂ.

ಈಗ ಅಕ್ಕನ ಮೊಮ್ಮಗಳ ಪುಸ್ತಕಕ್ಕೆ ಬರೋಣ. ಮೊದಲ ಪಾಠ ಆರ್.ಕೆ. ನಾರಾಯಣ್ ಅವರ 'ಎ ಹೀರೋ'. ಸ್ವಾಮಿ ಅನ್ನೋ ಹುಡುಗ ಅಪ್ಪನ ಮಾತಿಗೆ ಸಿಕ್ಕಿ, ರಾತ್ರಿ ಒಬ್ಬನೇ ಮಲಗಬೇಕಾದ ಕಥೆ. ಅದೇ ಪುಸ್ತಕದಲ್ಲಿ ಗೋಕಾಕರ ಇಂಗ್ಲಿಷ್ ಪದ್ಯವೂ ಐತೆ, ಆ ಗೋಕಾಕರೇ ಕಣ್ರಕ್ಕ, ಚಳವಳಿಯ ಗೋಕಾಕರು! ಅದನ್ನ ಹೇಳಿದ್ರೆ ಹುಡುಗಿಗೆ ನಂಬಿಕೆಯೇ ಬರಲಿಲ್ಲ. ಆವತ್ತು ಅವಳ ಹೋಂವರ್ಕು ಪಾಠದ ಲೇಖಕರ ಬಗ್ಗೆ ಹತ್ತು ಸಾಲು ಬರೆಯೋದು. ಫೋನಲ್ಲಿ ಹುಡುಕಿ ಇದ್ದದ್ದನ್ನ ಇದ್ದಂಗೇ ಇಳಿಸ್ತಿದ್ಲು, ಗೈಡು ಹೋಗಿ ಫೋನು ಬಂದೈತೆ ಅಷ್ಟೇ. ನಾನು ಫೋನು ಕಿತ್ತಿಟ್ಟು ನನಗೆ ಗೊತ್ತಿದ್ದದ್ದನ್ನ ಕನ್ನಡದಲ್ಲಿ ಹೇಳ್ತಾ ಹೋದೆ. ಹುಟ್ಟಿದ್ದು ಮದ್ರಾಸು, ಬಾಳಿದ್ದು ಮೈಸೂರು, ತಂದೆ ಮೈಸೂರಲ್ಲಿ ಹೈಸ್ಕೂಲು ಹೆಡ್‌ಮಾಸ್ಟರು. "ಇವರು ಕಾಲೇಜು ಸೇರೋ ಪರೀಕ್ಷೇಲಿ ಫೇಲಾಗಿದ್ರು" ಅಂದೆ.

ಅಕ್ಕನ ಕೈ ಅವರೆಕಾಳಲ್ಲೇ ನಿಂತುಹೋಯ್ತು. "ಯಾರು, ಈ ಪುಸ್ತಕ ಬರೆದೋರಾ?"

"ಹೂಂ ಕಣಕ್ಕ."

"ಆಮೇಲೆ? ಅವರ್ಗೂ ಮದ್ವೆ ಮಾಡಿಬುಟ್ರಾ?"

ಹುಡುಗಿ ಕಿಸಕ್ಕಂತ ನಕ್ಕಳು. ನನಗೆ ನಗು ಬರಲಿಲ್ಲ. "ಇಲ್ಲ ಕಣಕ್ಕ. ಒಂದು ವರ್ಷ ಹಟ್ಟೀಲೇ ಕೂತು, ಸಿಕ್ಕಿದ್ದೆಲ್ಲ ಓದ್ಕೊಂಡು, ಮತ್ತೆ ಕಟ್ಟಿ ಪಾಸು ಮಾಡಿ ಮಹಾರಾಜಾ ಕಾಲೇಜು ಸೇರಿದ್ರು" ಅಂದೆ.

ಅಕ್ಕ ಬಹಳ ಹೊತ್ತು ಏನೂ ಅನ್ನಲಿಲ್ಲ. ಆಮೇಲೆ ಹುಡುಗಿ ಕಡೆ ತಿರುಗಿ, "ನಿಂಗೆ ಆಗ್ಲೇ ಸುಳ್ಳೇಳ್ದೆ ಕಣವ್ವ. ನಾನು ಇಂಗ್ಲಿಷ್‌ನಲ್ಲಿ ಡುಮ್ಕಿ" ಅಂದ್ಲು. ಹುಡುಗಿ ಪೆನ್ನು ಕೆಳಗಿಟ್ಟು, "ಎಷ್ಟು ಬಂದಿತ್ತಜ್ಜಿ?" ಅಂದ್ಲು. ಟ್ರಂಕಿಂದ ಆ ಕಾರ್ಡು ಹೊರಬಂದದ್ದು ಹಂಗೆ, ರಾತ್ರಿ.

ಇನ್ನು ಅವಳ ಪ್ರಶ್ನೆ, "ನಾನು ಅಷ್ಟು ದಡ್ಡಿನಾ?" ಅಂತ. ಮೂವತ್ತು ವರ್ಷ ಪಾಠ ಮಾಡಿದ ಲೆಕ್ಕದಲ್ಲಿ ಉತ್ತರ ಹೇಳ್ತೀನಿ ಅಕ್ಕ, ನೀನೂ ಇದನ್ನ ಓದಿಸ್ಕೊಂಡು ಕೇಳ್ತೀಯ ಅಂತ ಗೊತ್ತು. ದಿನಕ್ಕೆ ಕಾಲು ಗಂಟೆ, ಅದೂ ತೂಕಡಿಸ್ಕೊಂಡು, ತಿದ್ದೋರಿಲ್ಲದೆ, ಎರಡನೇ ಕೈ ಗೈಡು ಇಟ್ಕೊಂಡು 28 ತೆಗೆದವಳು ನೀನು. ನನ್ನ 41ರಲ್ಲಿ ನಿನ್ನ ಎಮ್ಮೆ ಹಾಲೂ ಐತೆ, ನೀನು ಬಳಿದ ಕೊಟ್ಟಿಗೆಯೂ ಐತೆ.

ಮಾರನೇ ದಿನ ಹೊತ್ತಾರೆ ಹೊರಟಾಗ, ಹುಡುಗಿ ಅಡುಗೆ ಕೋಣೆಗೆ ಬಂದು "ಅಜ್ಜಿ, ಪಾತ್ರೆ ನಾನ್ ತೊಳೀತೀನಿ" ಅಂದ್ಲು. ಅಕ್ಕ ಅವಳ ರಟ್ಟೆ ಹಿಡಿದು ಹೊರಕ್ಕೆ ದಬ್ಬಿ, "ನಿಂದು ಇನ್ನೂ ನಾಕು ಸಾಲು ಬಾಕಿ ಐತೆ, ವೋಗು" ಅಂದ್ಲು. ಬಸ್ ಸ್ಟಾಪಿನವರೆಗೂ ಬಂದು, ಚೀಲಕ್ಕೆ ಹಿತುಕಿದವರೆ ಡಬ್ಬಿ ಇಟ್ಟು, ಇದನ್ನೆಲ್ಲ ಬರೀತೀನಿ ಅಂದಿದ್ದಕ್ಕೆ ಅಕ್ಕ ಹೇಳಿದ್ದಿಷ್ಟೇ: "ಬರೀ. ಆದ್ರೆ ಇಪ್ಪತ್ತೆಂಟು ಅಂತಾನೇ ಬರೀ ಕಣೇ. ಮರ್ವಾದೆ ಅಂತ ಮೂವತ್ತಮೂರು ಮೂವತ್ತನಾಕು ಮಾಡ್ಬೇಡ."